ಮೊಳೆ

ಹಾಡುವವನಲ್ಲ ನಾನು. ವಿಷಯ ಕೊಡುವವನು.
ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ:
ಚೀಟಿಯಲ್ಲಿ ಎರಡು ಸಾಲು ಬರೆದು ತಂದು
ಎದ್ದು ನಿಂತವರ ಮುಂದೆ ಓದುವುದು,
ಆಮೇಲೆ ಅವರ ಮುಖದಲ್ಲಿ
ರಕ್ತ ಇಳಿಯುವುದನ್ನು, ಮತ್ತೆ ಏರುವುದನ್ನು
ನೋಡುತ್ತ ನಿಲ್ಲುವುದು.

ಬಾಸ್ಕ್ ನಾಡು. ಗೊಯೆರ್ರಿಯ ಗುಡ್ಡದ ಮೇಲೆ
ಸೇಬಿನ ಹೆಂಡದ ಮನೆ. ಫೆಬ್ರವರಿ.
ಪೀಪಾಯಿಯ ಬಿರಡೆ ಕಿತ್ತು
ಯಾರೋ "ಚೋಚ್!" ಎಂದು ಕೂಗಿದರೆ
ಸಾಲುಗಟ್ಟಿ ಎಲ್ಲ ಲೋಟ ಚಾಚುತ್ತಾರೆ
ದಾರದಂಥ ಧಾರೆಗೆ.
ಉಪ್ಪುಮೀನಿನ ಆಮ್ಲೆಟ್ಟು, ಒಡೆದ ಅಕ್ರೋಟದ ಸಿಪ್ಪೆ,
ಒದ್ದೆ ಉಣ್ಣೆಯ ವಾಸನೆ.

ಹೊರಗಿನಿಂದ ಬಂದವರು ಕೇಳುತ್ತಾರೆ:
ನಿಂತ ಕಾಲ ಮೇಲೆ ಹೇಗೆ ಹುಟ್ಟುತ್ತದೆ ಪದ್ಯ?
ಆಶು ಎಂದರೆ ಬಾಯಿಗೆ ಬಂದದ್ದು ತಾನೆ?
ನಗು ಬರುತ್ತದೆ.
ಕೊನೆಯ ಸಾಲು ಮೊದಲು ಹುಟ್ಟಬೇಕು, ಸ್ವಾಮಿ.
ಅದನ್ನು ಗೋಡೆಗೆ ಮೊಳೆಯಂತೆ ಹೊಡೆದು,
ಹಿಂದೆ ಹಿಂದೆ ನಡೆದು ಬಾಗಿಲಿಗೆ ಬಂದು,
ಅಲ್ಲಿಂದ, ಏನೂ ಗೊತ್ತಿಲ್ಲದವನ ಹಾಗೆ,
ಕೋಟು ಕೈಯಲ್ಲಿ ಹಿಡಿದು ಒಳಗೆ ಬರಬೇಕು.
ಎಸೆದ ಕೋಟು ಸರಿಯಾಗಿ ಮೊಳೆಗೇ ಬೀಳಬೇಕು.
ರಾಗ ಅಜ್ಜಂದಿರದು. ಪ್ರಾಸಗಳೋ,
ಹಾಲು ಕರೆಯುವಾಗ ಹಸುವಿನ ಹೊಟ್ಟೆಗೆ ಹಣೆಯೊತ್ತಿ
ಐದನೇ ವಯಸ್ಸಿನಿಂದ ಕೂಡಿಟ್ಟದ್ದು.
ಸಿದ್ಧತೆ ಇಲ್ಲದ ಒಂದು ಗಳಿಗೆಗೆ
ಜೀವಮಾನದ ಸಿದ್ಧತೆ.
ಹೀಗೆಂದು ಹೇಳುತ್ತ ಬಂದಿದ್ದೆ, ಆ ಶನಿವಾರದ ತನಕ.

ಆ ರಾತ್ರಿ ಎದ್ದವನು ಪ್ರಾಷ್ಕು. ಎಪ್ಪತ್ತಾರು.
ಗರಗಸದ ಮಿಲ್ಲಿಗೆ ಎರಡು ಬೆರಳು ಕೊಟ್ಟವನು.
ಒಂಟಿ. ಗೊತ್ತಿದ್ದೇ ಬರೆದಿದ್ದೆ ಚೀಟಿ, ತಮಾಷೆಗೆ:
"ನೀನೊಂದು ಹಳೇ ಫ್ರಿಜ್ಜು. ಊರಿಗೆಲ್ಲ ಕರೆಂಟು ಹೋಗಿದೆ.
ಒಬ್ಬನೇ ಇರುವ ಯಜಮಾನನಿಗೆ ಏನು ಹೇಳುತ್ತೀ?"

ಪ್ರಾಷ್ಕು ನೆಲ ನೋಡಿದ. ಬೆಲ್ಟು ಮೇಲೆಳೆದುಕೊಂಡ.
ಎತ್ತಿದ:

    ಹೊಟ್ಟೆಯೊಳಗೆ ಮೊನ್ನೆಯದೊಂದು ಬಟ್ಟಲು ಸಾರು,
    ಪಕ್ಕದಲ್ಲೇ ಒಣಗಿ ಕೂತ ನಿಂಬೆಯ ಚೂರು,
    ದೀಪ ಆರಿದ ಮೇಲೆ, ಯಜಮಾನ, ನನಗೆ ನೀ ಯಾರು

ನಿಂತ.
ಉಸಿರಿಗೆಂದಲ್ಲ; ಅವನ ಉಸಿರಿನ ತಾಣ ನಮಗೆಲ್ಲ ಗೊತ್ತು.
ನಿಂತೇಬಿಟ್ಟ.
ಪೀಪಾಯಿ ತೊಟ್ಟಿಕ್ಕಿತು. ಲೋಟವೊಂದು
ಕಳ್ಳನ ಹಾಗೆ ಮೇಜಿಗೆ ಇಳಿಯಿತು.
ವಯಸ್ಸಾಯಿತು ಮುದುಕನಿಗೆ, ಮೊಳೆ ಕಳಚಿತು ಎಂದುಕೊಂಡೆ;
ಈ ಚೀಟಿ ಬರೆದ ಕೈ ಸೇದಿಹೋಗಲಿ ಎಂದೂ.

ಆಮೇಲೆ ಅವನು ಬರೀ ರಾಗ ಹಿಡಿದ, ಮಾತಿಲ್ಲದೆ,
ಖಾಲಿ ತಳ್ಳುಗಾಡಿ ತಳ್ಳಿಕೊಂಡು ಹೋಗುವವನ ಹಾಗೆ.

ಬಡಗಿಗಳ ಮೇಜಿನಿಂದ ಮೊದಲು:
    ಬಾಗಿಲು ಮುಚ್ಚೋ, ನೆಲವೆಲ್ಲ ನನ್ನ ಕಣ್ಣೀರು!
ಕಿಟಕಿ ಬಳಿಯ ನರ್ಸುಗಳು:
    ಕತ್ತಲಲ್ಲಿ ಇಬ್ಬರದೂ ಒಂದೇ ತಕರಾರು!
ಅಡುಗೆಮನೆಯಿಂದ, ಬಾಣಲೆ ಹಿಡಿದೇ, ಜೊಶೆಪಾ:
    ಹೋಗಿ ತಟ್ಟೋ ಪಕ್ಕದ ಮನೆ, ಕೊಡ್ತಾರೆ ಒಂದು ಲೋಟ ನೀರು!

ಅವಳದು ಎರಡು ಮಾತ್ರೆ ಹೆಚ್ಚು. ಯಾರೂ ಎಣಿಸಲಿಲ್ಲ.
ಮೂರನ್ನೂ ಒಟ್ಟಿಗೇ ಹಾಡಿದರು, ಒಂದರ ಮೇಲೊಂದು,
ಬೆಂಚು ಕುಟ್ಟುತ್ತ.
ಪ್ರಾಷ್ಕು ಟೋಪಿ ತೆಗೆದು
ಅಡುಗೆಮನೆಯ ಕಡೆ ಬಾಗಿದ.

ನಡುರಾತ್ರಿ ಅವನ ವ್ಯಾನಿನಲ್ಲಿ ಇಳಿದೆವು.
ಮಳೆ. ವೈಪರು ಸತ್ತಿತ್ತು.
ಎರಡೂ ಕಡ್ಡಿಗೆ ಹುರಿ ಕಟ್ಟಿ, ಕಿಟಕಿಗಳಿಂದ ಒಳಗೆ ತಂದು
ಒಂದು ತುದಿ ನನ್ನ ಕೈಗಿತ್ತ.
ಅವನೆಳೆದರೆ ಆ ಕಡೆ, ನಾನೆಳೆದರೆ ಈ ಕಡೆ;
ನಡುವೆ ಬೀಸಣಿಗೆಯಷ್ಟು ರಸ್ತೆ.

"ಏನಿತ್ತು ನಿನ್ನ ಕೊನೆಯ ಸಾಲು?"
ತಿರುವು ಮುಗಿಯುವ ತನಕ ಮಾತಾಡಲಿಲ್ಲ.
"ಇರಲಿಲ್ಲ. ಈ ಸಲ ಮೊಳೆ ಹೊಡೆಯದೇ ಹೋದೆ.
ಗೋಡೆ ಇದೆಯಾ ಅಂತ ನೋಡಬೇಕಿತ್ತು."

ನಂಬಲೋ ಬೇಡವೋ. ಮರೆತದ್ದನ್ನು ಮುಚ್ಚಲು
ಅಲ್ಲೇ ಕಟ್ಟಿದ ಮಾತೂ ಇರಬಹುದು ಅದು.
ಅವನಿಗೆ ಅದೇನು ಕಷ್ಟ.

"ಎಳೆಯೋ," ಎಂದ, "ದಾರಿ ಕಾಣ್ತಿಲ್ಲ."
ಎಳೆದೆ.